‘ಸಹವಾಸ ದೋಷ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ

ಇವರಿಗೆ,
ಮಾನ್ಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು, ಕರ್ನಾಟಕ ಸರ್ಕಾರ
ನಿರ್ದೇಶಕರು, ಮಕ್ಕಳ ರಕ್ಷಣಾ ನಿರ್ದೇಶನಾಲಯ, ಬೆಂಗಳೂರು

ವಿಷಯ: ವೀಕ್ಷಣಾಲಯಗಳಲ್ಲಿರುವ ಮಕ್ಕಳ ಸಾಮಾಜಿಕ ತನಿಖಾ ವರದಿಗಳ ಬಗ್ಗೆ

ಮಾನ್ಯರೇ,

ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲ ನ್ಯಾಯ ಮಂಡಳಿಯ ಮುಂದೆ ಬರುವ ಪ್ರತಿ ಮಗುವಿನ ಕಡತದಲ್ಲೂ ‘ನಮೂನೆ 6’ ಇರಬೇಕು. ಹುಡುಗ ಏನು ಮಾಡಿದನೆಂದು ಪೊಲೀಸರ ಕಾಗದ ಹೇಳುತ್ತದೆ. ಅವನು ಯಾರ ಮಗ, ಎಲ್ಲಿಯವರೆಗೆ ಓದಿದ, ಏನು ಕೆಲಸ ಮಾಡುತ್ತಿದ್ದ, ಯಾರಿಗೆ ಹೆದರುತ್ತಿದ್ದ ಎಂದು ಹೇಳುವ ಕಾಗದ ಇದೊಂದೇ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಮನೆಗೆ ಹೋಗಿ, ವಿಚಾರಿಸಿ ಬರೆಯಬೇಕಾದ ಈ ಸಾಮಾಜಿಕ ತನಿಖಾ ವರದಿಯಲ್ಲಿ, ಕೃತ್ಯಕ್ಕೆ ಕಾರಣ ಬರೆಯುವ ಜಾಗದಲ್ಲಿ ನಮಗೆ ಮತ್ತೆ ಮತ್ತೆ ಸಿಗುವುದು ಎರಡೇ ಪದ: ಸಹವಾಸ ದೋಷ. ಮೊಬೈಲ್ ಕಿತ್ತುಕೊಂಡು ಓಡಿದವನಿಗೂ ಅದೇ, ಬೈಕ್ ಕದ್ದವನಿಗೂ ಅದೇ, ಪಕ್ಕದ ಬೀದಿಯ ಹುಡುಗಿಯನ್ನು ಪ್ರೀತಿಸಿ ಊರು ಬಿಟ್ಟವನಿಗೂ ಅದೇ. ಒಂದು ಕಡತದಿಂದ ಇನ್ನೊಂದಕ್ಕೆ ನಕಲು ಮಾಡುವ ಅವಸರದಲ್ಲಿ ಹಿಂದಿನ ಹುಡುಗನ ತಂದೆಯ ಹೆಸರು ಹಾಗೇ ಉಳಿದುಹೋದ ವರದಿಗಳೂ ನಮ್ಮ ಕೈಗೆ ಬಂದಿವೆ.

ಮಕ್ಕಳಿಗೆ ಕಾನೂನು ನೆರವು, ಆಪ್ತಸಮಾಲೋಚನೆ, ಪಾಠ ಹೀಗೆ ಒಂದಲ್ಲ ಒಂದು ಕೆಲಸಕ್ಕೆ, ವಿಚಾರಣೆ ಮುಗಿಯುವವರೆಗೆ ಈ ಮಕ್ಕಳನ್ನು ಇರಿಸುವ ವೀಕ್ಷಣಾಲಯಗಳ ಒಳಗೆ ಹೋಗಿಬರುವವರು ನಾವು. ಯಾವ ಜಿಲ್ಲೆ, ಯಾವ ಅಧಿಕಾರಿ ಎಂದು ಇಲ್ಲಿ ಹೆಸರಿಸುತ್ತಿಲ್ಲ. ತಪ್ಪು ಒಬ್ಬರದಾಗಿದ್ದರೆ ತಮಗೆ ಬಹಿರಂಗ ಪತ್ರ ಬರೆಯುವ ಅಗತ್ಯವಿರಲಿಲ್ಲ.

2015ರ ಬಾಲ ನ್ಯಾಯ ಕಾಯ್ದೆಯ ಕಲಂ 8ರ ಪ್ರಕಾರ, ಮಗುವನ್ನು ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ ದಿನದಿಂದ 15 ದಿನದೊಳಗೆ ಈ ವರದಿ ಬರಬೇಕು. ಪರಿವೀಕ್ಷಣಾಧಿಕಾರಿ ಇಲ್ಲದಿದ್ದರೆ ಮಕ್ಕಳ ಕಲ್ಯಾಣಾಧಿಕಾರಿ ಅಥವಾ ಸಮಾಜ ಕಾರ್ಯಕರ್ತರಿಂದ ಮಾಡಿಸಬಹುದೆಂದು ಅದೇ ಕಲಂ ಹೇಳುತ್ತದೆ. ಅಂದರೆ ‘ಹುದ್ದೆ ಖಾಲಿ’ ಎಂಬ ಉತ್ತರವನ್ನು ಕಾನೂನು ಮೊದಲೇ ಊಹಿಸಿ ಬಾಗಿಲು ಹಾಕಿದೆ. ಆದರೂ ವರದಿ ತಿಂಗಳುಗಟ್ಟಲೆ ಬರುವುದಿಲ್ಲ. ಬಂದರೂ ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ ತುಂಬಿಸಿದ್ದಾಗಿರುತ್ತದೆ. ಜಾಮೀನು, ಚಿಕಿತ್ಸೆ, ಶಾಲೆ, ಬಿಡುಗಡೆ, ಬಿಡುಗಡೆಯ ನಂತರದ ನಿಗಾ ಇವೆಲ್ಲ ಈ ವರದಿಯ ಮೇಲೆ ನಿಂತಿವೆ. ಅಡಿಪಾಯಕ್ಕೆ ಮರಳು ತುಂಬಿ ಗೋಡೆ ಬಿರುಕು ಬಿಟ್ಟಿತೆಂದು ಪ್ರತಿ ವರ್ಷ ಪರಿಶೀಲನಾ ಸಭೆ ನಡೆಸುತ್ತಿದ್ದೇವೆ.

ಈ ಮಕ್ಕಳು ಯಾರು ಎಂಬ ಬಗ್ಗೆ ಇಲಾಖೆಯೊಳಗೂ ಹೊರಗೂ ಒಂದು ಸಿದ್ಧ ಚಿತ್ರವಿದೆ: ಬೀದಿಯಲ್ಲಿ ಬೆಳೆದವರು, ಹೇಳುವವರು ಕೇಳುವವರು ಇಲ್ಲದವರು. ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕ ಬೇರೆ ಹೇಳುತ್ತದೆ. 2022ರಲ್ಲಿ ದೇಶದಲ್ಲಿ ಮಕ್ಕಳೇ ಆರೋಪಿಗಳಾಗಿ ದಾಖಲಾದ ಪ್ರಕರಣ 30,555. ವರ್ಷವರ್ಷವೂ ಹೀಗೆ ಸಿಕ್ಕಿಬೀಳುವವರಲ್ಲಿ ಬಹುಪಾಲು ತಂದೆತಾಯಿಯ ಜೊತೆಗೇ ಇದ್ದವರು; ಹೆಚ್ಚಿನವರು 16ರಿಂದ 18ರ ನಡುವಿನವರು. ಮನೆ ಇದೆ. ಆದರೆ ಬೆಳಿಗ್ಗೆ ಆರಕ್ಕೆ ತಾಯಿ ಮನೆಗೆಲಸಕ್ಕೆ, ತಂದೆ ಗಾರೆ ಕೆಲಸಕ್ಕೆ ಹೋದರೆ ಆ ಮನೆಯಲ್ಲಿ ರಾತ್ರಿ ಎಂಟರವರೆಗೆ ಹಿರಿಯರು ಯಾರೂ ಇರುವುದಿಲ್ಲ.

ಕಡತದಲ್ಲಿ ‘ಶಾಲೆ ಬಿಟ್ಟಿದ್ದಾನೆ’ ಎಂದಷ್ಟೇ ಇರುತ್ತದೆ. ಯಾವ ತರಗತಿಯಲ್ಲಿ, ಯಾವ ತಿಂಗಳಲ್ಲಿ ಎಂದು ಕೇಳಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬರುವ ಕುಟುಂಬಗಳು ಶಾಲೆಯ ವರ್ಷ ನೋಡಿ ಗಂಟುಮೂಟೆ ಕಟ್ಟುವುದಿಲ್ಲ, ಸುಗ್ಗಿ ಮತ್ತು ಸಾಲ ನೋಡಿ ಕಟ್ಟುತ್ತವೆ. ಎಂಟನೇ ತರಗತಿಯವರೆಗೆ ಶಿಕ್ಷಣ ಹಕ್ಕು ಕಾಯ್ದೆಯ ಬಲವಿದೆ, ಟಿ.ಸಿ. ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಒಂಬತ್ತಕ್ಕೆ ಕಾಲಿಟ್ಟ ಕೂಡಲೇ ಆ ಬಲ ಹೋಗುತ್ತದೆ. ಊರಿನ ಶಾಲೆಯ ಟಿ.ಸಿ. ತರಲು ಎರಡು ದಿನದ ಕೂಲಿ ಹಾಗೂ ಬಸ್ ಚಾರ್ಜ್ ಬೇಕು. ಹುಡುಗ ಅಲ್ಲಿಗೆ ನಿಲ್ಲುತ್ತಾನೆ. ಹದಿನಾಲ್ಕರ ಹುಡುಗ ನಿಂತ ಜಾಗದಲ್ಲಿ ಸುಮ್ಮನೆ ನಿಲ್ಲುವುದಿಲ್ಲ. ಗ್ಯಾರೇಜು, ಪಂಕ್ಚರ್ ಅಂಗಡಿ, ಮದುವೆ ಮನೆಯ ಕೇಟರಿಂಗ್, ಟೆಂಪೋ ಕ್ಲೀನರ್. ಮಾಲೀಕ ಮೂರು ತಿಂಗಳ ಕೂಲಿ ಉಳಿಸಿಕೊಂಡಿದ್ದಕ್ಕೆ ಅವನ ಅಂಗಡಿಯಿಂದಲೇ ಸಾಮಾನು ಎತ್ತಿಕೊಂಡ ಹುಡುಗನ ವರದಿಯಲ್ಲಿ ಕೂಲಿ ಬಾಕಿಯ ಒಂದು ಸಾಲೂ ಇರುವುದಿಲ್ಲ. ಆ ಮಾಲೀಕನೇ ದೂರುದಾರ.

‘ಸಹವಾಸ’ ಎಂದು ಬರೆಯುವವರು ಆ ಸಹವಾಸದ ಹೆಸರನ್ನೂ ಬರೆಯಲಿ ಎಂಬುದು ನಮ್ಮ ಆಗ್ರಹ. ಕದ್ದ ಫೋನನ್ನು ಕೊಳ್ಳುವವನು ಹದಿನೇಳರ ಹುಡುಗನಲ್ಲ. ಗಾಂಜಾ ಪೊಟ್ಟಣವನ್ನು ಹುಡುಗನ ಶಾಲಾಚೀಲದಲ್ಲಿ ಕಳಿಸುವ ‘ಅಣ್ಣ’ನಿಗೆ ಮೂವತ್ತು ದಾಟಿರುತ್ತದೆ. ಮಕ್ಕಳಿಂದ ಮಾದಕ ವಸ್ತು ಸಾಗಿಸುವವರಿಗೆ ಬಾಲ ನ್ಯಾಯ ಕಾಯ್ದೆಯ ಕಲಂ 78ರಲ್ಲಿ, ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸುವ ವಯಸ್ಕರಿಗೆ ಕಲಂ 83(2)ರಲ್ಲಿ ಏಳು ವರ್ಷದವರೆಗೆ ಕಠಿಣ ಸಜೆಯಿದೆ. ಬಳಕೆಯಾದವನು ಒಳಗಿರುತ್ತಾನೆ, ಬಳಸಿಕೊಂಡವನು ಮುಂದಿನ ಹುಡುಗನನ್ನು ಹುಡುಕುತ್ತಿರುತ್ತಾನೆ. ನಮೂನೆಯಲ್ಲಿ ಇದನ್ನು ಕೇಳುವ ಅಂಕಣವಿದೆ. ಅಲ್ಲಿ ಸಾಮಾನ್ಯವಾಗಿ ಒಂದು ಅಡ್ಡಗೆರೆ ಇರುತ್ತದೆ.

ಇನ್ನು ಪ್ರೀತಿಯ ಪ್ರಕರಣಗಳು. 2019ರ ತಿದ್ದುಪಡಿಯ ನಂತರ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಲೈಂಗಿಕ ಸಂಪರ್ಕಕ್ಕೆ ಸಂಬಂಧಿಸಿದ ಕಲಂ 4ರ ಕನಿಷ್ಠ ಶಿಕ್ಷೆ ಹತ್ತು ವರ್ಷ. ಕನಿಷ್ಠ ಶಿಕ್ಷೆ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವುದೆಲ್ಲ ಬಾಲ ನ್ಯಾಯ ಕಾಯ್ದೆಯಲ್ಲಿ ‘ಹೀನ ಅಪರಾಧ’. ಹೀಗಾಗಿ ಒಂದೇ ಕಾಲೇಜಿನ ಹದಿನಾರೂವರೆಯ ಹುಡುಗಿ, ಹದಿನೇಳರ ಹುಡುಗ ಒಪ್ಪಿ ಹೋಗಿದ್ದರೂ, ಅವನನ್ನು ವಯಸ್ಕನಂತೆ ವಿಚಾರಣೆ ಮಾಡಬೇಕೇ ಎಂಬ ಪ್ರಾಥಮಿಕ ಮೌಲ್ಯಮಾಪನ ಶುರುವಾಗುತ್ತದೆ. 16 ದಾಟಿದ ಹುಡುಗಿಯರ ಇಂಥ ಪ್ರಕರಣಗಳನ್ನು ನೋಡಿಯೇ ಧಾರವಾಡ ಹೈಕೋರ್ಟ್ ಪೀಠ 2022ರ ನವೆಂಬರ್‌ನಲ್ಲಿ ಸಮ್ಮತಿಯ ವಯಸ್ಸಿನ ಬಗ್ಗೆ ಮರುಚಿಂತನೆ ಮಾಡುವಂತೆ ಕಾನೂನು ಆಯೋಗಕ್ಕೆ ಹೇಳಿತ್ತು. ಆ ಚರ್ಚೆ ಬೇರೆ. ಇಲ್ಲಿ ನಮ್ಮ ಮಾತು ಇಷ್ಟೇ: ಇಬ್ಬರ ಪರಿಚಯ ಎಷ್ಟು ಕಾಲದ್ದು, ದೂರು ಕೊಟ್ಟವರು ಯಾರು, ಜಾತಿಯ ಮಾತು ಎಲ್ಲಿ ಬಂತು ಎಂದು ವರದಿ ಹೇಳದಿದ್ದರೆ ಮಂಡಳಿಗೆ ಇನ್ಯಾರು ಹೇಳಬೇಕು?

ವಯಸ್ಸಿನ ವಿಷಯಕ್ಕೂ ಬರೋಣ. ನಮ್ಮ ರಾಜ್ಯದಲ್ಲಿ ಜೂನ್ 1ರಂದು ಹುಟ್ಟಿದವರ ಸಂಖ್ಯೆ ಎಷ್ಟೆಂದು ಯಾವ ಮೇಷ್ಟ್ರನ್ನು ಕೇಳಿದರೂ ನಕ್ಕುಬಿಡುತ್ತಾರೆ. ಒಂದನೇ ತರಗತಿಗೆ ಸೇರಿಸುವಾಗ ದಾಖಲೆ ಇಲ್ಲದವರಿಗೆಲ್ಲ ಶಾಲೆ ಕೊಟ್ಟ ಹುಟ್ಟುಹಬ್ಬ ಅದು. ಬಾಲ ನ್ಯಾಯ ಕಾಯ್ದೆಯ ಕಲಂ 94ರಲ್ಲಿ ಶಾಲೆಯ ದಾಖಲೆಗೆ ಮೊದಲ ಸ್ಥಾನ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪಾಲಿಕೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ವಯಸ್ಕನಂತೆ ವಿಚಾರಣೆಯ ಪ್ರಶ್ನೆ ಏಳುವುದು ಹದಿನಾರರಿಂದ, ಆ ಗಡಿಯ ಮೇಲಿರುವ ಹುಡುಗನಿಗೆ ಆರು ತಿಂಗಳ ವ್ಯತ್ಯಾಸ ದೊಡ್ಡದು. ಶಾಲೆಯ ದಾಖಲಾತಿ ವಹಿಯಲ್ಲಿ ಆ ತಾರೀಖನ್ನು ಯಾವ ಆಧಾರದ ಮೇಲೆ ಬರೆದರು, ತಾಯಿ ಕಾರ್ಡು, ಅಂಗನವಾಡಿ ವಹಿ, ಲಸಿಕೆ ಚೀಟಿ ಏನು ಹೇಳುತ್ತವೆ ಎಂದು ಮೊದಲ ವಾರದಲ್ಲೇ ನೋಡಬೇಕು. ಆರು ತಿಂಗಳ ನಂತರ ಹುಡುಕಿದರೆ ಅಂಗನವಾಡಿಯ ವಹಿ ಗೆದ್ದಲಿನ ಪಾಲಾಗಿರುತ್ತದೆ.

ಮನೆಭೇಟಿ ಹೇಗೆ ಕೆಡುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಇದು ಹಣಕ್ಕಿಂತ ಹೆಚ್ಚಾಗಿ ಸಮಯದ ಪ್ರಶ್ನೆ. ಕಚೇರಿ ವೇಳೆಯಲ್ಲಿ, ಸೋಮವಾರ ಬೆಳಿಗ್ಗೆ 11ಕ್ಕೆ ಹೋದರೆ ಸಿಗುವುದು ಬೀಗ. ‘ಮನೆ ಬೀಗ ಹಾಕಿತ್ತು’ ಎಂದು ಬರೆದದ್ದನ್ನು ಮಂಡಳಿ ‘ಪೋಷಕರಿಗೆ ಕಾಳಜಿಯಿಲ್ಲ’ ಎಂದು ಓದಿಕೊಳ್ಳುತ್ತದೆ, ಜಾಮೀನು ಹೋಯಿತು. ಸಂಜೆ ಏಳರ ನಂತರ ಅಥವಾ ಭಾನುವಾರ ಹೋಗಬೇಕು. ಪೊಲೀಸ್ ಜೀಪಿನಲ್ಲಿ ಹೋಗಬಾರದು, ಪೊಲೀಸರನ್ನು ಜೊತೆಗೆ ಕರೆದೊಯ್ಯಬಾರದು. ವಠಾರದ ಬಾಗಿಲಲ್ಲಿ ನಿಂತು ಹುಡುಗನ ಹೆಸರು ಕೂಗಿ ವಿಚಾರಿಸಿದರೆ ಮರುದಿನ ಮನೆ ಮಾಲೀಕ ‘ಖಾಲಿ ಮಾಡಿ’ ಅನ್ನುತ್ತಾನೆ. ಮಗುವಿನ ಗುರುತು ಬಯಲು ಮಾಡಬಾರದೆಂಬ ಕಲಂ 74 ಪತ್ರಿಕೆಗಳಿಗೆ ಬರೆದದ್ದಿರಬಹುದು, ಅದರ ಎಚ್ಚರ ನಮಗೂ ಬೇಕು. ತಾಯಿಯ ಜೊತೆ ತಂದೆಯಿಲ್ಲದೆ ಹತ್ತು ನಿಮಿಷ ಮಾತಾಡಬೇಕು. ಕುಡಿತ, ಹೊಡೆತದ ವಿಷಯ ಬರುವುದು ಆಗಲೇ. ಕೊನೆಯದಾಗಿ ಪಾಠ ಮಾಡಿದ ಶಿಕ್ಷಕರನ್ನು ಕಾಣಬೇಕು. ಆಶಾ ಕಾರ್ಯಕರ್ತೆಗೆ ಆ ಬೀದಿಯ ಎಲ್ಲವೂ ಗೊತ್ತಿರುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ. ಒಂದು ಮಗುವಿಗೆ ಎರಡು ಭೇಟಿ, ಒಟ್ಟು ಐದಾರು ಗಂಟೆ. ಇಡೀ ಜಿಲ್ಲೆಗೆ ಒಬ್ಬರಾಗಿ, ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತುವ, ಗುತ್ತಿಗೆಯ ಮೇಲಿರುವ ಅಧಿಕಾರಿಯಿಂದ ಇದನ್ನು ಬೈಗುಳದಿಂದ ಮಾಡಿಸಲು ಆಗುವುದಿಲ್ಲ.

ಬೆಂಗಳೂರಿನ ಹುಡುಗರಲ್ಲಿ ಕೆಲವರ ಮನೆ ಬಿಹಾರದಲ್ಲೋ ಅಸ್ಸಾಮಿನಲ್ಲೋ ನೇಪಾಳದಲ್ಲೋ ಇರುತ್ತದೆ. ಅವರಿಗೆ ಭಾಷೆ ಬಲ್ಲ ದುಭಾಷಿ ಬೇಕು. ಜೊತೆಗಿರುವ ಇನ್ನೊಬ್ಬ ಹುಡುಗನನ್ನು ದುಭಾಷಿ ಮಾಡುವುದು ಅನುಕೂಲವೇನೋ ಹೌದು, ಆದರೆ ಅವನೇ ಅದೇ ಪ್ರಕರಣದಲ್ಲಿ ಸಿಕ್ಕವನಾಗಿದ್ದರೆ ಹೊರಬರುವ ಉತ್ತರ ಯಾರದು?

ಜಾಮೀನಿನ ಬಗ್ಗೆ ಕಾನೂನು ಉದಾರವಾಗಿದೆ. ಕಲಂ 12ರಲ್ಲಿ ಜಾಮೀನು ಸಿಗುವ, ಸಿಗದ ಅಪರಾಧವೆಂಬ ಭೇದವಿಲ್ಲ. ಶ್ಯೂರಿಟಿ ಇದ್ದರೂ ಇಲ್ಲದಿದ್ದರೂ ಬಿಡಬಹುದು, ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಬಿಡಬಹುದು. ನಿರಾಕರಿಸಲು ಮೂರೇ ಕಾರಣ, ಅದನ್ನೂ ಬರೆದು ದಾಖಲಿಸಬೇಕು. ಆದರೆ ವಯಸ್ಕರ ಕೋರ್ಟಿನ ಅಭ್ಯಾಸಬಲ ಇಲ್ಲಿಗೂ ಬಂದು ಕೂತಿದೆ: ಪಹಣಿ ತನ್ನಿ, ಜಮೀನು ಇರುವ ಶ್ಯೂರಿಟಿ ತನ್ನಿ. ಜಮೀನು ಇದ್ದಿದ್ದರೆ ಆ ಕುಟುಂಬ ಶೆಡ್ಡಿನಲ್ಲಿ ವಾಸ ಮಾಡುತ್ತಿರಲಿಲ್ಲ. ಪಹಣಿ ಬಾಡಿಗೆಗೆ ತರುವ ದಲ್ಲಾಳಿಗಳಿದ್ದಾರೆ ಎಂಬುದು ಕೋರ್ಟಿನ ಆವರಣದಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಜಾಮೀನಿನ ಷರತ್ತು ಪೂರೈಸಲು ಏಳು ದಿನದೊಳಗೆ ಆಗದಿದ್ದರೆ ಷರತ್ತು ಬದಲಿಸಲು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕೆಂದು ಕಲಂ 12(4) ಹೇಳುತ್ತದೆ. ಎಂಟನೆಯ ದಿನ ಯಾರು ನೆನಪಿಸಬೇಕು? ವೀಕ್ಷಣಾಲಯದ ಅಧೀಕ್ಷಕರ ಮೇಜಿನ ಮೇಲೆ ಅಂಥ ಒಂದು ಪಟ್ಟಿಯೇ ಇರುವುದಿಲ್ಲ. ‘ಜಾಮೀನು ಆಗಿದೆ, ಬಿಡಿಸಿಕೊಳ್ಳುವವರಿಲ್ಲ’ ಎಂಬ ಸ್ಥಿತಿಯಲ್ಲಿ ವಾರಗಟ್ಟಲೆ ಕೂತ ಮಕ್ಕಳಿದ್ದಾರೆ.

ಒಳಗಿನ ಮೊದಲ ವಾರಕ್ಕೆ ಬರೋಣ. ಪೋಷಕರು ಇಂದಿಗೂ ‘ರಿಮ್ಯಾಂಡ್ ಹೋಮ್’ ಎಂದೇ ಕರೆಯುವ ಈ ಜಾಗಕ್ಕೆ ಬಂದ ಹುಡುಗ ಎರಡನೆಯ ದಿನ ಬೆವರಿ, ನಡುಗಿ, ನಿದ್ದೆಯಿಲ್ಲದೆ ಎಲ್ಲರ ಮೇಲೆ ರೇಗಿದರೆ ಸಿಬ್ಬಂದಿ ಅದನ್ನು ಕೊಬ್ಬು ಎನ್ನುತ್ತಾರೆ. ಅನೇಕ ಸಲ ಅದು ಚಟ ಬಿಟ್ಟಾಗ ದೇಹ ತೋರುವ ತಾಪ. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸುವವರಲ್ಲಿ ಸಿಡುಕು, ನಿದ್ರಾಹೀನತೆ. ಅಫೀಮಿನ ಜಾತಿಯ ನೋವಿನ ಮಾತ್ರೆ ನುಂಗುತ್ತಿದ್ದವರಲ್ಲಿ ಮೈಕೈ ನೋವು, ಮೂಗು ಸೋರುವುದು, ಭೇದಿ. ನಿದ್ರೆ ಮಾತ್ರೆ ಅಥವಾ ವಿಪರೀತ ಕುಡಿತ ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಇದಕ್ಕೆ ಬುದ್ಧಿಮಾತು ಔಷಧವಲ್ಲ. ಬಂದ ದಿನವೇ ‘ಕೊನೆಯ ಸಲ ಏನು ತೆಗೆದುಕೊಂಡೆ, ಯಾವಾಗ, ಎಷ್ಟು’ ಎಂಬ ಮೂರು ಪ್ರಶ್ನೆ ಕೇಳಬೇಕು, ಮತ್ತು ಆ ಉತ್ತರ ಪೊಲೀಸರ ಕೈಗೆ ಹೋಗುವುದಿಲ್ಲ ಎಂಬ ನಂಬಿಕೆ ಅವನಿಗೆ ಬರಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ಎಲ್ಲ ಜಿಲ್ಲೆಗಳಲ್ಲೂ ಇರಬೇಕಾದವರು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ವೀಕ್ಷಣಾಲಯದಿಂದ ಅಲ್ಲಿಗೆ ಕರೆದೊಯ್ಯಲು ಬೆಂಗಾವಲು ಸಿಬ್ಬಂದಿ ಇಲ್ಲವೆಂದು ಭೇಟಿ ರದ್ದಾಗುತ್ತದೆ. ಹಾಗಾದರೆ ವೈದ್ಯರೇ ವಾರಕ್ಕೊಮ್ಮೆ ಗೃಹಕ್ಕೆ ಬರುವಂತೆ ಎರಡು ಇಲಾಖೆಗಳು ಒಂದು ಆದೇಶ ಹೊರಡಿಸಬಾರದೇಕೆ?

ಕಜ್ಜಿಯಂಥ ಸಣ್ಣ ವಿಷಯವನ್ನು ಸಚಿವರಿಗೆ ಬರೆಯುವುದೇ ಎಂದು ನಮ್ಮಲ್ಲೇ ಚರ್ಚೆಯಾಯಿತು. ಬರೆಯುತ್ತೇವೆ. ತುರಿಕಜ್ಜಿ ಬಂದ ಒಬ್ಬ ಹುಡುಗನಿಗೆ ಮುಲಾಮು ಕೊಟ್ಟು ಸುಮ್ಮನಾಗುವುದರಿಂದ ಅದು ಎಂದೂ ಹೋಗುವುದಿಲ್ಲ. 5% ಪರ್ಮೆಥ್ರಿನ್ ಮುಲಾಮನ್ನು ಆ ಕೋಣೆಯಲ್ಲಿ ಮಲಗುವ ಎಲ್ಲರೂ, ತುರಿಕೆ ಇರಲಿ ಬಿಡಲಿ, ಒಂದೇ ರಾತ್ರಿ ಕುತ್ತಿಗೆಯಿಂದ ಪಾದದವರೆಗೆ ಹಚ್ಚಿಕೊಂಡು ಬೆಳಿಗ್ಗೆ ಸ್ನಾನ ಮಾಡಬೇಕು. ಹೊದಿಕೆ, ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ವಾರದ ನಂತರ ಇನ್ನೊಮ್ಮೆ. ರಾತ್ರಿಯಿಡೀ ತುರಿಸಿಕೊಳ್ಳುವ ಹುಡುಗ ಹಗಲು ಪಾಠದಲ್ಲಿ ತೂಕಡಿಸುತ್ತಾನೆ, ಅದೂ ‘ಅಶಿಸ್ತು’ ಎಂದು ಪುಸ್ತಕಕ್ಕೆ ಏರುತ್ತದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿನ ನಿರ್ವಹಣೆಗೆ ತಿಂಗಳಿಗೆ ₹3,000. ದಿನಕ್ಕೆ ನೂರು ರೂಪಾಯಿ. ಊಟ, ಬಟ್ಟೆ, ಸಾಬೂನು ಎಲ್ಲ ಅದರಲ್ಲೇ. ಬೆಳೆಯುವ ಹದಿನೇಳರ ಹುಡುಗನ ಹಸಿವು ಗೊತ್ತಿರುವ ಯಾವ ತಾಯಿಯೂ ಈ ಲೆಕ್ಕ ಒಪ್ಪುವುದಿಲ್ಲ. ರಾಜ್ಯ ತನ್ನ ಕಡೆಯಿಂದ ಇದಕ್ಕೆ ಸೇರಿಸಲಿ.

ಕಲಿಕೆ. ಇಲ್ಲಿನ ವಾಸ ಕೆಲವರಿಗೆ ಹತ್ತು ದಿನ, ಕೆಲವರಿಗೆ ಎಂಟು ತಿಂಗಳು. ಶಾಲಾ ವರ್ಷದ ಅಳತೆಯ ಪಾಠ ಇಲ್ಲಿ ಕೂರುವುದಿಲ್ಲ. ಬಂದ ಮೂರನೇ ದಿನ ಒಂದು ಪ್ಯಾರಾ ಓದಿಸಿ, ದಶಕ ತೆಗೆದುಕೊಳ್ಳುವ ಒಂದು ಕಳೆಯುವ ಲೆಕ್ಕ ಮಾಡಿಸಿ ಮಟ್ಟ ತಿಳಿಯಬೇಕು. ಒಂಬತ್ತನೇ ತರಗತಿವರೆಗೆ ಹೋದವನಿಗೂ ಎರಡನೇ ತರಗತಿಯ ಪುಸ್ತಕ ಓದಲು ಬಾರದಿರುವುದು ಅಪರೂಪವಲ್ಲ. ಆದರೆ ಮೀಸೆ ಮೂಡಿದವನ ಮುಂದೆ ಚಿತ್ರದ ಕಾರ್ಡು ಹಿಡಿದು ‘ಅ, ಅರಸ’ ಎಂದು ಶುರುಮಾಡಿದರೆ ಅವನು ಮರುದಿನ ತರಗತಿಗೆ ಬರುವುದಿಲ್ಲ. ಬಸ್ಸಿನ ಬೋರ್ಡು, ಬ್ಯಾಂಕ್ ಚಲನ್, ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯ ಪ್ರಶ್ನೆಗಳನ್ನು ಕೊಟ್ಟರೆ ಓದುತ್ತಾನೆ. ಹದಿನೈದು ದಿನಕ್ಕೊಂದು ಮುಗಿಯುವ ಘಟಕಗಳಾಗಿ ಪಾಠ ಕಟ್ಟಿದರೆ ನಡುವೆ ಬಿಡುಗಡೆಯಾದವನಿಗೂ ಏನಾದರೂ ಕೈಯಲ್ಲಿರುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ‘ಸಿ’ ಹಂತ ಎಂಟನೇ ತರಗತಿಗೆ ಸಮ. ಐಟಿಐನಲ್ಲಿ ವೆಲ್ಡರ್, ವೈರ್‌ಮನ್‌ನಂಥ ತರಬೇತಿಗೆ ಎಂಟನೇ ತರಗತಿ ಸಾಕು, ವಯಸ್ಸು ಹದಿನಾಲ್ಕು ತುಂಬಿದ್ದರಾಯಿತು. ಈ ಎರಡು ಮೆಟ್ಟಿಲನ್ನು ಜೋಡಿಸಿ ಹೇಳುವವರು ಒಳಗೆ ಯಾರೂ ಇಲ್ಲ. ಬದಲಿಗೆ ಮೇಣದಬತ್ತಿ, ಫಿನಾಯಿಲ್ ಮಾಡಿಸುತ್ತಾರೆ. ಗ್ಯಾರೇಜಿನಲ್ಲಿ ಎರಡು ವರ್ಷ ಇಂಜಿನ್ ಬಿಚ್ಚಿದ ಹುಡುಗನಿಗೆ ಮೇಣದಬತ್ತಿ! ಅವನ ಕೈಕೆಲಸ ಏನೆಂದು ವರದಿಯಲ್ಲಿ ಬರೆದಿದ್ದರೆ ಈ ಅಪಹಾಸ್ಯ ತಪ್ಪುತ್ತಿತ್ತು.

ಪ್ರಾಥಮಿಕ ಮೌಲ್ಯಮಾಪನದ ಬಗ್ಗೆ ಒಂದೇ ಮಾತು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರು ಇಲ್ಲದಿದ್ದರೆ ಮನಶ್ಶಾಸ್ತ್ರಜ್ಞರ ನೆರವು ಪಡೆಯಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಬರುಣ್ ಚಂದ್ರ ಠಾಕೂರ್ ಪ್ರಕರಣದಲ್ಲಿ ಹೇಳಿದೆ. ಜಿಲ್ಲಾವಾರು ತಜ್ಞರ ಪಟ್ಟಿಯನ್ನು ಇಲಾಖೆ ಸಿದ್ಧಪಡಿಸಿ ಕೊಡದಿದ್ದರೆ, ಕೈಗೆ ಸಿಕ್ಕವರು ಅರ್ಧ ಗಂಟೆ ಮಾತಾಡಿಸಿ ‘ಮಾನಸಿಕವಾಗಿ ಸದೃಢ’ ಎಂದು ಸಹಿ ಹಾಕುವುದು ಮುಂದುವರಿಯುತ್ತದೆ.

ಬಿಡುಗಡೆಯ ದಿನ ಹುಡುಗನ ಕೈಯಲ್ಲಿ ಏನಿರುತ್ತದೆ? ನಮೂನೆ 7, ಅಂದರೆ ವೈಯಕ್ತಿಕ ಪಾಲನಾ ಯೋಜನೆ, ಕೇಳುವುದು ಬಹಳ: ಆಧಾರ್, ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಬ್ಯಾಂಕ್ ಖಾತೆ ಆಗಿವೆಯೇ, ಮನೆಯವರು, ನೆರೆಯವರು ಹೇಗೆ ಬರಮಾಡಿಕೊಂಡರು, ಶಾಲೆಗೆ ಸೇರಿದ ದಿನಾಂಕ ಯಾವುದು, ಎರಡು ತಿಂಗಳ ನಂತರ, ಆರು ತಿಂಗಳ ನಂತರ ಹೋಗಿ ನೋಡಿದ್ದೇನು. ಈ ಕೊನೆಯ ಭಾಗ ತುಂಬಿದ ಕಡತ ನಾವು ಕಂಡದ್ದು ಬೆರಳೆಣಿಕೆಯಷ್ಟು. ಹುಡುಗ ಮತ್ತೆ ಸಿಕ್ಕಿಬಿದ್ದಾಗ ಮಾತ್ರ ‘ಇವನು ಹಳೆಯವನು’ ಎಂಬ ನೆನಪು ಎಲ್ಲರಿಗೂ ಬರುತ್ತದೆ. ಹದಿನೆಂಟು ತುಂಬಿ ಹೊರಬರುವ, ಮನೆಗೆ ಹೋಗಲಾಗದವರಿಗೆ ಕಲಂ 46ರ ಅನುಪಾಲನೆ, ಅಂದರೆ ಹೊರಬಂದ ನಂತರದ ಆಸರೆ, ಇದೆ. 21ರವರೆಗೆ ತಿಂಗಳಿಗೆ ₹4,000 ನೆರವಿಗೆ ಮಿಷನ್ ವಾತ್ಸಲ್ಯದಲ್ಲಿ ಅವಕಾಶವಿದೆ. ಅರ್ಜಿ ಹಾಕಿಸುವವರು ಬೇಕು. ಹೆಣ್ಣುಮಕ್ಕಳ ಸಂಖ್ಯೆ ಕಡಿಮೆಯೆಂದು ಅವರನ್ನು ದೂರದ ಜಿಲ್ಲೆಯ ಗೃಹಕ್ಕೆ ಕಳಿಸುವಲ್ಲಿ ಈ ಕೊಂಡಿ ಇನ್ನೂ ಬೇಗ ಕಡಿದುಹೋಗುತ್ತದೆ.

ಆದ್ದರಿಂದ ಮಾನ್ಯರೇ, ನಾವು ಹೊಸ ಕಟ್ಟಡ ಕೇಳುತ್ತಿಲ್ಲ. ಪರಿವೀಕ್ಷಣಾಧಿಕಾರಿಗಳ ಖಾಲಿ ಹುದ್ದೆಗಳನ್ನು ತುಂಬಿ. ತುಂಬುವವರೆಗೆ ಕಲಂ 8ರಂತೆ ಸಮಾಜ ಕಾರ್ಯಕರ್ತರ ಪಟ್ಟಿ ಮಾಡಿ, ಪ್ರತಿ ವರದಿಗೆ ಗೌರವಧನ, ಪ್ರಯಾಣ ಭತ್ಯೆ ಕೊಡಿ. ಸಂಜೆ ಹಾಗೂ ಭಾನುವಾರದ ಮನೆಭೇಟಿಗೆ ಬದಲಿ ರಜೆ ಕೊಡುವ ಆದೇಶ ಹೊರಡಿಸಿ. ಮನೆಭೇಟಿಯ ದಿನಾಂಕ, ವೇಳೆ, ಯಾರನ್ನು ಕಂಡರು ಎಂಬುದಿಲ್ಲದ ವರದಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮಂಡಳಿಗೆ ಕಳಿಸದೆ ಹಿಂದಿರುಗಿಸಲಿ. ಜಾಮೀನು ಆಗಿಯೂ ಏಳು ದಿನ ದಾಟಿ ಒಳಗಿರುವವರ ಪಟ್ಟಿಯನ್ನು ಪ್ರತಿ ಗೃಹದ ಅಧೀಕ್ಷಕರು ಪ್ರತಿ ಸೋಮವಾರ ಮಂಡಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಕಳಿಸಲಿ. ದೂರದ ಊರಿನ ತಂದೆತಾಯಿಗೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಮಗನನ್ನು ತೋರಿಸಿ. ಅದಕ್ಕೆ ಬೇಕಾದದ್ದು ಒಂದು ಫೋನು.

ಇದೆಲ್ಲಕ್ಕೂ ಮೊದಲು ಒಂದು ವಿನಂತಿ. ಯಾವುದಾದರೂ ಹತ್ತು ಕಡತಗಳ ನಮೂನೆ 6ನ್ನು, ಮಕ್ಕಳ ಹೆಸರು ಮರೆಮಾಡಿಸಿ, ತಮ್ಮ ಮೇಜಿಗೆ ತರಿಸಿಕೊಂಡು ತಾವೇ ಓದಿ. ಓದಿದ ಮೇಲೆ ಆ ಹತ್ತರಲ್ಲಿ ಒಬ್ಬ ಹುಡುಗನನ್ನಾದರೂ ಇನ್ನೊಬ್ಬನಿಂದ ಬೇರೆಯಾಗಿ ಗುರುತಿಸಲು ಸಾಧ್ಯವಾಯಿತೇ ಎಂದು ನಮಗೆ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ವೀಕ್ಷಣಾಲಯಗಳ ಮಕ್ಕಳೊಂದಿಗೆ ಕೆಲಸ ಮಾಡುವ ವಕೀಲರು, ಆಪ್ತಸಮಾಲೋಚಕರು ಹಾಗೂ ಶಿಕ್ಷಕರು